ತೆಂಗಿನ ತೋಟದಲ್ಲಿ ನಾಲ್ಕು ಚಕ್ರ ಚಾಲನೆ: ಯಾವಾಗ? ಹೇಗೆ?

(ರೈತರ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣ)



ತಿಪಟೂರು, ತುರುವೇಕೆರೆ ಮತ್ತು ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ತೆಂಗೇ ಬದುಕಿನ ಆಧಾರ. ಬೇಸಿಗೆಯಲ್ಲಿ ಕೆರೆಗೋಡು ಹೊಡೆಸುವುದು, ಕೊಟ್ಟಿಗೆ ಗೊಬ್ಬರ ಸಾಗಿಸುವುದು, ಕೆಡವಿದ ಕಾಯಿಯನ್ನು ಅಟ್ಟಕ್ಕೆ ತರುವುದು, ಮಳೆ ಬಿದ್ದ ಮೇಲೆ ತೋಟ ಉಳುವುದು, ಹೀಗೆ ವರ್ಷವಿಡೀ ಭಾರದ ಕೆಲಸ ಇದ್ದೇ ಇದೆ. ಹಿಂದೆ ಎತ್ತಿನ ಗಾಡಿ ಮಾಡುತ್ತಿದ್ದ ಈ ಕೆಲಸವನ್ನು ಇಂದು ಟ್ರ್ಯಾಕ್ಟರು ಮತ್ತು ಪಿಕಪ್ ವಾಹನಗಳು ಮಾಡುತ್ತಿವೆ. ಇವುಗಳಲ್ಲಿ ನಾಲ್ಕೂ ಚಕ್ರಗಳಿಗೆ ಶಕ್ತಿ ಕೊಡುವ ವಾಹನಗಳೂ ಸೇರಿವೆ. ಆ ಸೌಲಭ್ಯವನ್ನು ಯಾವಾಗ ಬಳಸಬೇಕು, ಯಾವಾಗ ಬಳಸಬಾರದು ಎಂಬ ತಿಳಿವಳಿಕೆ ಇಲ್ಲದಿದ್ದರೆ ವಾಹನಕ್ಕೂ ನಷ್ಟ, ತೋಟಕ್ಕೂ ನಷ್ಟ. ಕೆಲವೊಮ್ಮೆ ಪ್ರಾಣಕ್ಕೂ ಅಪಾಯ.

ನಾಲ್ಕು ಚಕ್ರ ಚಾಲನೆ ಎಂದರೇನು?

ಸಾಮಾನ್ಯ ಟ್ರ್ಯಾಕ್ಟರಿನಲ್ಲಿ ಎಂಜಿನ್ನಿನ ಶಕ್ತಿ ಹಿಂದಿನ ಎರಡು ಚಕ್ರಗಳಿಗೆ ಮಾತ್ರ ಹೋಗುತ್ತದೆ. ಮುಂದಿನ ಚಕ್ರಗಳು ಉರುಳುತ್ತವೆ, ಎಳೆಯುವುದಿಲ್ಲ. ಪ್ರತ್ಯೇಕ ಲಿವರ್ ಹಾಕಿದಾಗ ಮುಂದಿನ ಅಚ್ಚಿಗೂ ಶಕ್ತಿ ದೊರೆತು ನಾಲ್ಕೂ ಚಕ್ರಗಳು ಎಳೆಯುವ ವ್ಯವಸ್ಥೆಯೇ ನಾಲ್ಕು ಚಕ್ರ ಚಾಲನೆ. ನಮ್ಮ ದೇಶದಲ್ಲಿ ಜೋಡಣೆಯಾಗುತ್ತಾ ಬಂದ ಜೀಪುಗಳ ಮೂಲಕ ಇದು ಜನರಿಗೆ ಪರಿಚಯವಾಯಿತು. ಇಂದು 20 ಅಶ್ವಶಕ್ತಿಗೂ ಕಡಿಮೆಯ ಸಣ್ಣ ತೋಟದ ಟ್ರ್ಯಾಕ್ಟರುಗಳಲ್ಲಿಯೂ ಈ ಸೌಲಭ್ಯವಿದೆ.

ಇದರಿಂದ ಎಂಜಿನ್ನಿನ ಶಕ್ತಿ ಹೆಚ್ಚುವುದಿಲ್ಲ ಎಂಬುದನ್ನು ಮನಗಾಣಬೇಕು. ಇದ್ದ ಶಕ್ತಿಯೇ ನಾಲ್ಕು ಚಕ್ರಗಳಿಗೆ ಹಂಚಿಕೆಯಾಗಿ, ನೆಲದ ಹಿಡಿತ ಹೆಚ್ಚುತ್ತದೆ, ಅಷ್ಟೇ. ವಾಹನದ ಸಾಮರ್ಥ್ಯಕ್ಕಿಂತ ಹೆಚ್ಚು ಭಾರ ಹೇರಲು ಇದು ಪರವಾನಗಿಯಲ್ಲ.

ಎಲ್ಲಿ ಬೇಕು, ಎಲ್ಲಿ ಬೇಡ?

ಸಡಿಲ ಮರಳು, ಕೆರೆಯ ಅಂಗಳದ ಮೆತ್ತನೆಯ ಗೋಡು, ತೇವದ ಮಣ್ಣುರಸ್ತೆ, ಕೆರೆ ಏರಿಯ ಇಳಿಜಾರು, ಹೊಸದಾಗಿ ಉತ್ತ ನೆಲ, ಇಂಥ ಕಡೆಗಳಲ್ಲಿ ನಾಲ್ಕು ಚಕ್ರ ಚಾಲನೆ ಉಪಯುಕ್ತ. ಗಟ್ಟಿಯಾದ ಒಣ ಡಾಂಬರು ಅಥವಾ ಸಿಮೆಂಟು ರಸ್ತೆಯಲ್ಲಿ ಲಿವರ್ ಹಾಕುವ ಈ ಬಗೆಯ ಚಾಲನೆಯನ್ನು ಬಳಸಲೇಬಾರದು. ಇದಕ್ಕೆ ಕಾರಣವಿದೆ. ವಾಹನ ತಿರುಗುವಾಗ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ಹೆಚ್ಚು ದೂರ ಕ್ರಮಿಸುತ್ತವೆ. ಎರಡೂ ಅಚ್ಚುಗಳನ್ನು ಒಂದಕ್ಕೊಂದು ಬಿಗಿದಾಗ ಈ ವ್ಯತ್ಯಾಸ ಎಲ್ಲಾದರೂ ತೀರಬೇಕು. ಮಣ್ಣಿನಲ್ಲಿ ಚಕ್ರ ಸ್ವಲ್ಪ ಜಾರಿ ಅದು ತೀರುತ್ತದೆ. ಡಾಂಬರಿನಲ್ಲಿ ಜಾರಲು ಅವಕಾಶವಿಲ್ಲದೆ ಒತ್ತಡವೆಲ್ಲ ಹಲ್ಲುಗಾಲಿಗಳ ಮೇಲೂ ಟೈರುಗಳ ಮೇಲೂ ಬೀಳುತ್ತದೆ. ಸ್ಟಿಯರಿಂಗ್ ಬಿಗಿಯಾಗುವುದು, ಲಿವರ್ ಹೊರಬಾರದಿರುವುದು ಇದರ ಲಕ್ಷಣ. ಆಗ ಬಲವಂತ ಮಾಡದೆ ವಾಹನವನ್ನು ನೇರವಾಗಿ ಕೆಲವು ಅಡಿ ಹಿಂದಕ್ಕೆ ನಡೆಸಿದರೆ ಲಿವರ್ ಸುಲಭವಾಗಿ ಬಿಡುತ್ತದೆ.

ತೋಟದ ಟ್ರ್ಯಾಕ್ಟರಿನ ಮುಂದಿನ ಮತ್ತು ಹಿಂದಿನ ಟೈರುಗಳ ಅಳತೆಗೆ ತಕ್ಕಂತೆ ಹಲ್ಲುಗಾಲಿಗಳ ಲೆಕ್ಕ ಹಾಕಿರುತ್ತಾರೆ. ಆದ್ದರಿಂದ ಟೈರು ಬದಲಿಸುವಾಗ ತಯಾರಕರು ಸೂಚಿಸಿದ ಅಳತೆಯನ್ನೇ ಹಾಕಿಸಬೇಕು.

ಬಳಸುವ ಕ್ರಮ

ಹೂತುಕೊಂಡ ಮೇಲೆ ಲಿವರ್ ಹಾಕುವುದು ಹೆಚ್ಚಿನ ಚಾಲಕರು ಮಾಡುವ ತಪ್ಪು. ಕೆಸರಿಗೆ ಇಳಿಯುವ ಮೊದಲೇ, ಗಟ್ಟಿ ನೆಲದಲ್ಲಿ ನಿಲ್ಲಿಸಿ, ಕ್ಲಚ್ ಒತ್ತಿ, ಲಿವರ್ ಹಾಕಬೇಕು. ಚಲಿಸುತ್ತಿರುವಾಗಲೂ ಹಾಕಬಹುದಾದ ವಾಹನಗಳಿವೆಯಾದರೂ ನಿಲ್ಲಿಸಿ ಹಾಕುವುದು ಎಲ್ಲಕ್ಕೂ ಕ್ಷೇಮ. ಪಿಕಪ್ಪಿನಲ್ಲಿ ನಿಧಾನದ ಶ್ರೇಣಿ ಇದ್ದರೆ ಅದನ್ನು ಕಡಿದಾದ ಏರು, ಇಳಿಜಾರು ಮತ್ತು ಆಳವಾದ ಕೆಸರಿಗೆ ಮೀಸಲಿಡಬೇಕು. ಒಂದೇ ಗೇರಿನಲ್ಲಿ, ಒಂದೇ ವೇಗದಲ್ಲಿ, ನಡುವೆ ಕ್ಲಚ್ ಒತ್ತದೆ ದಾಟಬೇಕು.

ಗೋಡು ತುಂಬಿದ ಟ್ರೈಲರಿನೊಂದಿಗೆ ಕೆರೆ ಏರಿಯಿಂದ ಇಳಿಯುವಾಗ ಹೆಚ್ಚಿನ ಎಚ್ಚರ ಅವಶ್ಯಕ. ಬಹುತೇಕ ಟ್ರ್ಯಾಕ್ಟರುಗಳ ಬ್ರೇಕು ಹಿಂದಿನ ಚಕ್ರಗಳಿಗೆ ಮಾತ್ರ ಇರುತ್ತದೆ; ಭಾರದ ಟ್ರೈಲರ್ ಹಿಂದಿನಿಂದ ತಳ್ಳುತ್ತಿರುತ್ತದೆ. ಇಳಿಯುವ ಮೊದಲೇ ಕಡಿಮೆ ಗೇರು ಮತ್ತು ನಾಲ್ಕು ಚಕ್ರ ಚಾಲನೆ ಹಾಕಿಕೊಂಡರೆ ಎಂಜಿನ್ನಿನ ಹಿಡಿತ ನಾಲ್ಕೂ ಚಕ್ರಗಳಿಗೆ ಸಿಗುತ್ತದೆ. ಎರಡೂ ಬ್ರೇಕ್ ಪೆಡಲುಗಳನ್ನು ಜೋಡಿಸಿರಬೇಕು. ನ್ಯೂಟ್ರಲ್ ಮಾಡಿ ಇಳಿಸಿ ಡೀಸೆಲ್ ಉಳಿಸುವ ಆಸೆ ಎಂದಿಗೂ ಬೇಡ.

ಚಕ್ರ ಎಷ್ಟು ಜಾರುತ್ತಿದೆ ಎಂಬುದನ್ನು ರೈತರೇ ಅಳೆಯಬಹುದು. ಹಿಂದಿನ ಟೈರಿಗೆ ಸುಣ್ಣದ ಗುರುತು ಹಾಕಿ, ನೇಗಿಲು ಎತ್ತಿಕೊಂಡು 10 ಸುತ್ತು ನಡೆಸಿ ದೂರ ಅಳೆಯಬೇಕು. ಅನಂತರ ನೇಗಿಲು ಇಳಿಸಿ ಅಷ್ಟೇ ಸುತ್ತು ನಡೆಸಬೇಕು. ಮೊದಲ ದೂರ 40 ಮೀಟರ್, ಎರಡನೆಯದು 32 ಮೀಟರ್ ಆದರೆ ಜಾರುವಿಕೆ ಶೇ. 20. ಇದು ಹೆಚ್ಚು. ಶೇ. 15ಕ್ಕಿಂತ ಮೇಲಿದ್ದರೆ ನಾಲ್ಕು ಚಕ್ರ ಚಾಲನೆ ಹಾಕುವುದು ಅಥವಾ ನೇಗಿಲಿನ ಆಳ ಕಡಿಮೆ ಮಾಡುವುದು ಸೂಕ್ತ. ಇಲ್ಲವಾದಲ್ಲಿ ಡೀಸೆಲ್ಲೂ ಟೈರೂ ವ್ಯರ್ಥ.

ವಾಹನ ಹೋದೀತು, ತೋಟ ತಡೆದೀತೇ?

ಇದೇ ಮುಖ್ಯವಾದ ಪ್ರಶ್ನೆ. ಎರಡು ಚಕ್ರದ ಟ್ರ್ಯಾಕ್ಟರು ಹಸಿ ತೋಟದ ಅಂಚಿನಲ್ಲೇ ಜಾರಿ ನಿಂತು ರೈತನನ್ನು ತಡೆಯುತ್ತಿತ್ತು. ನಾಲ್ಕು ಚಕ್ರದ್ದು ತಡೆಯುವುದಿಲ್ಲ, ಒಳಗೆ ಹೋಗಿಬಿಡುತ್ತದೆ. ಹಸಿ ಮಣ್ಣಿನ ಮೇಲೆ ಭಾರ ಹಾಯ್ದಾಗ ಮಣ್ಣಿನ ಕಣಗಳ ನಡುವಿನ ಗಾಳಿಯ ಜಾಗ ಮುಚ್ಚಿ, ನೀರು ಇಂಗುವುದು ಕಡಿಮೆಯಾಗುತ್ತದೆ. ಬೇರು ಉಸಿರಾಡಲು ಕಷ್ಟಪಡುತ್ತದೆ. ಮೇಲ್ಪದರದ ಗಟ್ಟಿಯನ್ನು ಉಳುಮೆ ಒಡೆಯಬಹುದು. ಭಾರದ ಅಚ್ಚಿನಿಂದ ಆಳದಲ್ಲಾದ ಗಟ್ಟಿ ಪದರ ವರ್ಷಗಟ್ಟಲೆ ಉಳಿಯುತ್ತದೆ. ಮಳೆಯನ್ನೇ ನಂಬಿದ ತೋಟದಲ್ಲಿ ಇಂಗದೆ ಹರಿದುಹೋದ ನೀರು ಮುಂದಿನ ಬೇಸಿಗೆಯಲ್ಲಿ ಹರಳು ಉದುರುವ ರೂಪದಲ್ಲಿ ಕಾಣಿಸಿಕೊಳ್ಳಬಹುದು.

ಆದ್ದರಿಂದ ಲಿವರಿಗೆ ಕೈಹಾಕುವ ಮೊದಲು ಮಣ್ಣಿಗೆ ಕೈಹಾಕಬೇಕು. ಒಂದು ಗೇಣು ಆಳದ ಮಣ್ಣನ್ನು ಹಿಡಿಯಲ್ಲಿ ಅದುಮಿ ಉಂಡೆ ಮಾಡಿ ಮೊಣಕಾಲೆತ್ತರದಿಂದ ಬಿಡಬೇಕು. ಒಡೆದು ಹರಡಿದರೆ ಹದ ಬಂದಿದೆ. ಉಂಡೆಯಾಗಿಯೇ ಉಳಿದರೆ ಅಥವಾ ಕೈಗೆ ಮೆತ್ತಿದರೆ ಕಾಯಬೇಕು. ಕೆಂಪು ಮರಳುಮಿಶ್ರಿತ ಭೂಮಿ ಬೇಗ ಹದಕ್ಕೆ ಬರುತ್ತದೆ. ತಗ್ಗಿನ ಜೇಡಿ ಭೂಮಿಗೆ ಹೆಚ್ಚು ದಿನ ಬೇಕು.

ತೆಂಗಿನ ಬೇರುಗಳ ಬಹುಭಾಗ ಬುಡದಿಂದ 2 ಮೀಟರ್ ತ್ರಿಜ್ಯದೊಳಗಿರುತ್ತದೆ. 9 ಮೀಟರ್ ಅಂತರದಲ್ಲಿ ನೆಟ್ಟ ತೋಟದಲ್ಲಿ ಎರಡೂ ಕಡೆ 2 ಮೀಟರ್ ಬಿಟ್ಟರೂ ನಡುವೆ 5 ಮೀಟರ್ ಜಾಗ ಉಳಿಯುತ್ತದೆ. ಅದರಲ್ಲೇ ಒಂದು ದಾರಿಯನ್ನು ಖಾಯಂ ಆಗಿ ಗೊತ್ತುಮಾಡಿ, ಎಲ್ಲ ಸಾಗಣೆಯನ್ನೂ ಅದೇ ಜಾಡಿನಲ್ಲಿ ಮಾಡಬೇಕು. ಅಲ್ಲಿಂದ ಮರದ ಬುಡಕ್ಕೆ ಗೊಬ್ಬರವನ್ನು ಬುಟ್ಟಿಯಲ್ಲಿ ಒಯ್ಯುವುದು ಶ್ರಮವೆನಿಸಿದರೂ ಲಾಭದಾಯಕ.

ಹೂತುಕೊಂಡರೆ

ಚಕ್ರವನ್ನು ಗಿರಗಿರನೆ ತಿರುಗಿಸಿದಷ್ಟೂ ಗುಂಡಿ ಆಳವಾಗುತ್ತದೆ. ತಕ್ಷಣ ನಿಲ್ಲಿಸಿ, ಭಾರ ಇಳಿಸಿ, ಎಂಜಿನ್ ಬಂದ್ ಮಾಡಿ, ಚಕ್ರದ ಮುಂದಿನ ಮಣ್ಣನ್ನು ಗುದ್ದಲಿಯಿಂದ ತೆಗೆದು, ಒಣ ಗರಿ ಅಥವಾ ಕಾಯಿ ಸುಲಿದ ಮಟ್ಟೆಯನ್ನು ಒತ್ತಾಗಿ ಹಾಸಬೇಕು. ಬಂದ ಜಾಡಿನಲ್ಲೇ ಹಿಂದಕ್ಕೆ ಬರುವುದು ಸಾಮಾನ್ಯವಾಗಿ ಸುಲಭ. ಡಿಫರೆನ್ಷಿಯಲ್ ಲಾಕ್ ಬಳಸಿದರೆ ನೇರವಾಗಿ ಮಾತ್ರ ನಡೆಸಿ, ಹೊರಬಂದೊಡನೆ ಬಿಡಬೇಕು.

ಹಿಂದಿನ ಚಕ್ರಗಳಿಗೆ ಮರದ ತುಂಡನ್ನು ಸರಪಳಿಯಿಂದ ಕಟ್ಟಿ ಮುಂದಕ್ಕೆ ಎಬ್ಬಿಸುವ ರೂಢಿ ಅತ್ಯಂತ ಅಪಾಯಕಾರಿ. ಚಕ್ರ ತಿರುಗಲಾಗದಿದ್ದಾಗ ಟ್ರ್ಯಾಕ್ಟರೇ ಹಿಂದಿನ ಅಚ್ಚಿನ ಸುತ್ತ ಎದ್ದು ಕ್ಷಣಾರ್ಧದಲ್ಲಿ ಚಾಲಕನ ಮೇಲೆ ಮಗುಚಬಹುದು. ಇನ್ನೊಂದು ಟ್ರ್ಯಾಕ್ಟರಿನಿಂದ ಎಳೆಸುವಾಗ ಸರಪಳಿಯನ್ನು ಎಳೆಯುವ ಟ್ರ್ಯಾಕ್ಟರಿನ ಕೆಳಗಿನ ಡ್ರಾಬಾರಿಗೆ ಮಾತ್ರ ಕಟ್ಟಬೇಕು, ಅಚ್ಚಿಗಿಂತ ಮೇಲೆ ಎಂದೂ ಕಟ್ಟಬಾರದು. ಸರಪಳಿ ಹರಿದರೆ ಚಾಟಿಯಂತೆ ಬಡಿಯುತ್ತದೆ. ಮಕ್ಕಳನ್ನೂ ನೋಡಲು ಬಂದವರನ್ನೂ ದೂರ ಕಳಿಸಬೇಕು.

ಸಾರಾಂಶ

1. ಮೊದಲು ಮಣ್ಣಿನ ಹದ ನೋಡಬೇಕು, ಅನಂತರ ವಾಹನ ಇಳಿಸಬೇಕು.
2. ಕೆಸರಿಗೆ ಇಳಿಯುವ ಮುನ್ನ ಲಿವರ್ ಹಾಕಿ, ಡಾಂಬರು ಹತ್ತುವ ಮುನ್ನ ಬಿಡಿಸಬೇಕು.
3. ಇಳಿಜಾರಿನಲ್ಲಿ ಕಡಿಮೆ ಗೇರು ಬಳಸಬೇಕು, ನ್ಯೂಟ್ರಲ್ ಮಾಡಬಾರದು.
4. ತೋಟದಲ್ಲಿ ಒಂದೇ ದಾರಿಯನ್ನು ಖಾಯಂ ಮಾಡಬೇಕು.
5. ಚಕ್ರಕ್ಕೆ ಮರದ ತುಂಡು ಕಟ್ಟಬಾರದು.

ಹೂತ ವಾಹನವನ್ನು ಒಂದು ದಿನದಲ್ಲಿ ಎತ್ತಬಹುದು. ತುಳಿದು ಕೆಡಿಸಿದ ತೋಟವನ್ನು ಸರಿಪಡಿಸಲು ಹಲವು ವರ್ಷಗಳೇ ಬೇಕು. ಹದ ಬರುವವರೆಗೆ ನಾಲ್ಕು ದಿನ ಕಾಯುವ ರೈತನೇ ಜಾಣ.