ಆ ಬಟನ್ ಎಲ್ಲಿದೆ?

ಕನ್ನಡ ವಿಕಿಪೀಡಿಯವನ್ನು ತೆರೆದರೆ ಪುಟದ ಮೇಲ್ಭಾಗದಲ್ಲಿ ಹುಡುಕುವ ಪೆಟ್ಟಿಗೆಯೊಂದು ಇರುತ್ತದೆ. ಅದರಲ್ಲಿ ‘ಆನೆ’ ಎಂದು ಬರೆದು ಎಂಟರ್ ಒತ್ತಿದರೆ ಆನೆಯ ಪುಟ ಬರಬೇಕು. ಬರುತ್ತದೋ ಇಲ್ಲವೋ ಎಂದು ಯಾರಾದರೂ ನೋಡುತ್ತಿರಬೇಕಲ್ಲವೇ? ಇಂಥ ತಾಣಗಳನ್ನು ಕಟ್ಟುವವರು ಎಲ್ಲೋ ಒಂದು ಕಡೆ ಏನನ್ನೋ ತಿದ್ದಿದರೆ ಇನ್ನೆಲ್ಲೋ ಏನೋ ಕೆಡಬಹುದು. ಅದಕ್ಕೇ ತಿದ್ದಿದಾಗಲೆಲ್ಲ ಎಲ್ಲವನ್ನೂ ಮತ್ತೆ ಒತ್ತಿ ನೋಡಬೇಕು. ದಿನವೂ ಅದನ್ನೇ ಮಾಡುತ್ತಿದ್ದರೆ ಯಾರಿಗಾದರೂ ಬೇಸರ ಬರುತ್ತದೆ. ಬೇಸರ ಬಂದರೆ ತಪ್ಪು ಕಣ್ಣಿಗೆ ಬೀಳುವುದಿಲ್ಲ.

ಹಾಗಾಗಿ ಈ ಪರೀಕ್ಷೆಯ ಕೆಲಸವನ್ನು ಇನ್ನೊಂದು ತಂತ್ರಾಂಶಕ್ಕೇ ಒಪ್ಪಿಸುತ್ತಾರೆ. 2004ರಲ್ಲಿ ಅಮೆರಿಕದ ಷಿಕಾಗೋದಲ್ಲಿ ಜೇಸನ್ ಹಗಿನ್ಸ್ ಎಂಬ ಎಂಜಿನಿಯರ್ ಶುರುಮಾಡಿದ ‘ಸೆಲೆನಿಯಮ್’ ಅಂಥದ್ದು. ಇಂದಿಗೂ ಬಹಳ ಜನ ಅದನ್ನು ಬಳಸುತ್ತಾರೆ. ಮೌಸನ್ನು ಯಾರೂ ಮುಟ್ಟಿರುವುದಿಲ್ಲ, ಆದರೂ ಬಟನ್ ಒತ್ತಿದಂತಾಗುತ್ತದೆ, ಪೆಟ್ಟಿಗೆಯಲ್ಲಿ ಅಕ್ಷರಗಳು ಮೂಡುತ್ತವೆ. ನೋಡಲು ಬಲು ಚೆಂದ!

ಆದರೆ ಯಾವ ಬಟನ್ ಒತ್ತಬೇಕೆಂದು ಅದಕ್ಕೆ ಹೇಳುವುದು ಹೇಗೆ?

ಸ್ಕ್ರೀನಿನ ಮೇಲಿನ ಜಾಗವನ್ನೇ ಹೇಳಬಹುದು: ಎಡ ಅಂಚಿನಿಂದ 900 ಚುಕ್ಕಿ, ಮೇಲಿನಿಂದ 40 ಚುಕ್ಕಿ. ಕಿಟಕಿಯನ್ನು ಸ್ವಲ್ಪ ಕಿರಿದು ಮಾಡಿದರೂ ಸಾಕು, ಬಟನ್ ಪಕ್ಕಕ್ಕೆ ಸರಿಯುತ್ತದೆ, ಪರೀಕ್ಷೆ ಖಾಲಿ ಜಾಗವನ್ನು ಒತ್ತುತ್ತದೆ. ತರಗತಿಯಲ್ಲಿ ‘ಮೂರನೇ ಬೆಂಚಿನ ಎರಡನೆಯವಳು’ ಎಂದು ಕರೆದರೆ, ಅವಳು ಜಾಗ ಬದಲಿಸಿದ ದಿನ ಬೇರೆ ಯಾರೋ ಎದ್ದು ನಿಲ್ಲುತ್ತಾರಲ್ಲ, ಹಾಗೆ.

ಅದೃಷ್ಟಕ್ಕೆ, ನಮಗೆ ಕಾಣುವ ಪುಟದ ಹಿಂದೆ ಇನ್ನೊಂದು ಪುಟವಿದೆ. ಬ್ರೌಸರ್ ಪ್ರತಿ ಪುಟವನ್ನೂ ಒಂದರೊಳಗೊಂದು ಇರುವ ತುಣುಕುಗಳಾಗಿ ನೆನಪಿಟ್ಟುಕೊಳ್ಳುತ್ತದೆ: ಪುಟದೊಳಗೆ ತಲೆಭಾಗ, ಅದರೊಳಗೆ ಅರ್ಜಿ (ನಾವು ತುಂಬಿ ಕಳಿಸುವ ಭಾಗ), ಅರ್ಜಿಯೊಳಗೆ ಪೆಟ್ಟಿಗೆ ಮತ್ತು ಬಟನ್. ಇದಕ್ಕೆ ಡಾಮ್ ಎನ್ನುತ್ತಾರೆ. ಪುಟ ಕಟ್ಟಿದವರು ಬೇಕಾದ ತುಣುಕಿಗೆ ‘ಐಡಿ’ ಎಂಬ ಹೆಸರಿಡಬಹುದು. ಒಂದು ಪುಟದಲ್ಲಿ ಒಂದು ಐಡಿ ಒಂದೇ ತುಣುಕಿಗೆ ಮೀಸಲು. ವಿಕಿಪೀಡಿಯದ ಹುಡುಕುವ ಪೆಟ್ಟಿಗೆಯ ಐಡಿ ‘ಸರ್ಚ್‌ಇನ್‌ಪುಟ್’. ಕನ್ನಡದ ಪುಟವಿರಲಿ, ತಮಿಳಿನದಿರಲಿ, ಕಣ್ಣಿಗೆ ಕಾಣುವ ಮಾತು ಬದಲಾದರೂ ಒಳಗಿನ ಈ ಹೆಸರು ಅದೇ. ಒಂದೇ ಪರೀಕ್ಷೆ ಎರಡೂ ಕಡೆ ನಡೆಯುತ್ತದೆ!

ಐಡಿ ಇಲ್ಲದಿದ್ದರೆ ಹಾದಿ ಹೇಳಬೇಕು: ಅರ್ಜಿಯ ಒಳಗೆ ಹೋಗು, ಅಲ್ಲಿರುವ ಎರಡನೇ ಬಟನ್ ಹಿಡಿ. ಹೀಗೆ ಹಾದಿ ಬರೆಯಲು 1999ರಲ್ಲೇ ಎಕ್ಸ್‌ಪಾತ್ ಎಂಬ ಬರವಣಿಗೆ ಬಂತು. ಉಪಯೋಗದ್ದೇ. ಆದರೆ ಹಾದಿ ಉದ್ದವಾದಷ್ಟೂ ನನಗೆ ಅದರ ಮೇಲೆ ನಂಬಿಕೆ ಕಡಿಮೆ, ಏಕೆಂದರೆ ನಡುವೆ ಹೊಸ ಬಟನ್ ಒಂದು ಬಂದು ಕೂತರೆ ಎಣಿಕೆಯೆಲ್ಲ ತಪ್ಪುತ್ತದೆ.

ಈ ಹಿಂದಿನ ಪುಟವನ್ನು ನೀವೂ ನೋಡಬಹುದು. ಕಂಪ್ಯೂಟರಿನಲ್ಲಿ ಬ್ರೌಸರ್ ತೆರೆದು ಎಫ್12 ಕೀಲಿ ಒತ್ತಿ. ಅಲ್ಲಿ ಏನನ್ನಾದರೂ ಬದಲಿಸಿದರೂ ಹೆದರಬೇಡಿ. ಅದು ನಿಮ್ಮ ಸ್ಕ್ರೀನಿನಲ್ಲಿ ಮಾತ್ರ. ಪುಟವನ್ನು ಮತ್ತೆ ತೆರೆದರೆ ಎಲ್ಲ ಮೊದಲಿನಂತೆ.

ಕಣ್ಣು ಕಾಣದವರು ಕಂಪ್ಯೂಟರ್ ಬಳಸುವುದೂ ಈ ಒಳಗಿನ ವಿವರಗಳ ಬಲದಿಂದಲೇ. 2006ರಲ್ಲಿ ಆಸ್ಟ್ರೇಲಿಯದ ಮೈಕಲ್ ಕರನ್ ಎಂಬ ಅಂಧ ಯುವಕ ‘ಎನ್‌ವಿಡಿಎ’ ಎಂಬ ತಂತ್ರಾಂಶವನ್ನು ಬರೆಯತೊಡಗಿದರು. ಸ್ಕ್ರೀನಿನಲ್ಲಿರುವುದನ್ನು ಅದು ಓದಿ ಹೇಳುತ್ತದೆ, ಕನ್ನಡದಲ್ಲೂ. ಅದು ಉಚಿತ. ಪ್ರತಿಯೊಂದು ತುಣುಕಿನ ಬಳಿಗೂ ಹೋಗಿ ‘ಇದೇನು, ಇದರ ಹೆಸರೇನು’ ಎಂದು ಕೇಳಿ, ‘ಹುಡುಕು, ಬಟನ್’ ಎಂಬಂತೆ ನುಡಿಯುತ್ತದೆ. ಕಾಣುವವರಿಗೆ ಹುಡುಕುವ ಬಟನ್ ಮೇಲಿನ ಭೂತಗನ್ನಡಿಯ ಚಿತ್ರವೇ ಸಾಕು. ಆದರೆ ಆ ಚಿತ್ರದ ಬಟನ್‌ಗೆ ಒಳಗೆ ಹೆಸರೇ ಇಟ್ಟಿರದಿದ್ದರೆ, ಕೇಳುವವರಿಗೆ ಬರಿ ‘ಬಟನ್’ ಎಂದಷ್ಟೇ ಕೇಳಿಸುತ್ತದೆ. ಯಾವ ಬಟನ್? ಒತ್ತಿದರೆ ಏನಾದೀತು? ಗೊತ್ತಾಗುವುದೇ ಇಲ್ಲ. ಇದು ಆಗಬಾರದು.

2020ರಲ್ಲಿ ಮೈಕ್ರೋಸಾಫ್ಟ್ ಹೊರತಂದ ‘ಪ್ಲೇರೈಟ್’ ಎಂಬ ಪರೀಕ್ಷೆಯ ಸಾಧನದಲ್ಲಿ ‘ಇದೇನು, ಇದರ ಹೆಸರೇನು’ ಎಂಬ ಇದೇ ಪ್ರಶ್ನೆಗಳನ್ನು ಕೇಳಬಹುದು. ‘ಹುಡುಕು ಎಂಬ ಹೆಸರಿನ ಬಟನ್ ಕೊಡು’ ಎಂದು ಬರೆದರೆ ಸಾಕು. ಮೊದಲು ಹೀಗೆ ಕೇಳಿ ನೋಡಿ ಎಂದು ಅದನ್ನು ಮಾಡಿದವರೇ ಹೇಳುತ್ತಾರೆ. ಭೂತಗನ್ನಡಿಯ ಬಟನ್‌ಗೆ ಹೆಸರಿಲ್ಲದಿದ್ದರೆ ಪರೀಕ್ಷೆ ಅಲ್ಲೇ ನಿಂತು, ಬಟನ್ ಸಿಗಲಿಲ್ಲ ಎನ್ನುತ್ತದೆ. ಆಗ ಪುಟ ಕಟ್ಟಿದವರು ಅದಕ್ಕೊಂದು ಹೆಸರು ಕೊಡುತ್ತಾರೆ. ಪರೀಕ್ಷೆ ಮುಂದೆ ಸಾಗುತ್ತದೆ, ಎನ್‌ವಿಡಿಎಗೂ ಓದಲು ಒಂದು ಹೆಸರು ಸಿಗುತ್ತದೆ.