ಪುಟ್ಟ ಪೆಪ್ಟೈಡ್ ಮತ್ತು ಕಾಕುವಿನ ಡಬ್ಬಿ

(ಮಹಿಳಾ ವೇದಿಕೆಯ ಆರೋಗ್ಯ ಗೋಷ್ಠಿಯಲ್ಲಿ ಮಾಡಿದ ಭಾಷಣ)



ನಾನು ಓದಿದ್ದು ಎಂ.ಟೆಕ್., ಹೊಟ್ಟೆಪಾಡು ಸಾಫ್ಟ್‌ವೇರ್. ಜೀವಶಾಸ್ತ್ರಕ್ಕೂ ನನಗೂ ಪಿಯುಸಿಯಲ್ಲೇ ನಂಟು ಕಡಿದಿತ್ತು. ಅದು ಮತ್ತೆ ಕೂಡಿದ್ದು ಕಳೆದ ವರ್ಷ, ನಮ್ಮ ಕಾಕು ಸ್ತನ ಕ್ಯಾನ್ಸರ್ ಚಿಕಿತ್ಸೆಗೆಂದು ಹುಬ್ಬಳ್ಳಿಯಿಂದ ಪುಣೆಗೆ ಬಂದು ನಮ್ಮ ಮನೆಯಲ್ಲಿ ಉಳಿದಾಗ. ಆಪರೇಷನ್ ಮುಗಿದಿತ್ತು, ರೇಡಿಯೇಷನ್ ಬಾಕಿ ಇತ್ತು. ಒಟ್ಟು 40 ಗ್ರೇ, 15 ದಿನಕ್ಕೆ ಹಂಚಿ. ಹಿಂದಿನ ರಾತ್ರಿ ಕಾಕು ಬ್ಯಾಗಿನಿಂದ ಒಂದು ಡಬ್ಬಿ ತೆಗೆದು, "ಇದನ್ನ ತಗೊಂಡ್ರ ಕರೆಂಟ್ ಕೊಟ್ಟಿದ್ದು ಮೈಗೆ ತಾಗೂದಿಲ್ಲಂತ, ಹೌದೇನವಾ?" ಅಂದರು. ನೋಡಿದರೆ ಗ್ಲುಟಾಥಯೋನ್ ಮಾತ್ರೆ! ಬೆಳ್ಳಗಾಗಲೆಂದು ಮಾರುತ್ತಾರಲ್ಲ, ಅದೇ. ಕೆಲವರು ನಗುತ್ತಿದ್ದೀರಿ, ನಾನು ಹೆಸರು ಹೇಳುವುದಿಲ್ಲ.

ಕಾಕು ಕೇಳಿದ್ದರಲ್ಲಿ ಅರ್ಧ ನಿಜವಿತ್ತು. ತೊಂದರೆ ಅದೇ.

ನಮ್ಮ ಜೀವಕೋಶದಲ್ಲಿ ಹೆಚ್ಚಿನ ಪಾಲು ನೀರು. ವಿಕಿರಣ ಬಿದ್ದಾಗ ಆ ನೀರಿನ ಅಣು ಒಡೆದು ಹೈಡ್ರಾಕ್ಸಿಲ್ ರ‍್ಯಾಡಿಕಲ್ ಹುಟ್ಟುತ್ತದೆ. ಕಣ್ಣು ಮಿಟುಕಿಸುವುದರೊಳಗೆ ಅದು ಇಲ್ಲವಾಗುತ್ತದೆ, ಆದರೆ ಅಷ್ಟರಲ್ಲೇ ಪಕ್ಕದ ಡಿಎನ್‌ಎಯನ್ನು ಹರಿದಿರುತ್ತದೆ. 1 ಗ್ರೇ ವಿಕಿರಣಕ್ಕೆ ಒಂದು ಕೋಶದಲ್ಲಿ ಸುಮಾರು 1000 ಕಡೆ ಒಂದು ಎಳೆ, ಸುಮಾರು 40 ಕಡೆ ಎರಡೂ ಎಳೆಗಳು ತುಂಡಾಗುತ್ತವೆ. ಎರಡೂ ತುಂಡಾದರೆ ಜೋಡಿಸುವುದು ಕಷ್ಟ.

ಅಮೈನೊ ಆಮ್ಲಗಳನ್ನು ಮಣಿಗಳಂತೆ ಪೋಣಿಸಿದ ಚಿಕ್ಕ ಸರವೇ ಪೆಪ್ಟೈಡ್. ಸರ ಬಹಳ ಉದ್ದವಾದರೆ ಪ್ರೋಟೀನ್. ಗ್ಲುಟಾಥಯೋನ್‌ನಲ್ಲಿ ಮೂರೇ ಮಣಿ, ಅದನ್ನು ನಮ್ಮ ಕೋಶಗಳೇ ಮಾಡಿಕೊಳ್ಳುತ್ತವೆ. ಅದರ ಗಂಧಕದ ತುದಿಯಲ್ಲಿರುವ ಹೈಡ್ರೋಜನ್ನನ್ನು ರ‍್ಯಾಡಿಕಲ್‌ಗೆ ಕೊಟ್ಟು ಸುಮ್ಮನಾಗಿಸುತ್ತದೆ. ಡಿಎನ್‌ಎ ಹೈಡ್ರೋಜನ್ ಕಳೆದುಕೊಂಡಿದ್ದರೆ ಅದನ್ನೂ ತುಂಬಿಕೊಡುತ್ತದೆ.

ಇದಕ್ಕಿಂತ ನನ್ನನ್ನು ಬೆರಗುಗೊಳಿಸಿದ್ದು ಒಂದು ಬ್ಯಾಕ್ಟೀರಿಯಾ. 1956ರಲ್ಲಿ ಅಮೆರಿಕದ ಓರೆಗಾನ್‌ನಲ್ಲಿ ಆರ್ಥರ್ ಆಂಡರ್ಸನ್ ಡಬ್ಬಿಯಲ್ಲಿಟ್ಟ ಮಾಂಸ ಕೆಡದಿರಲೆಂದು ಗಾಮಾ ಕಿರಣ ಹಾಯಿಸಿ ನೋಡುತ್ತಿದ್ದರು. ಆದರೂ ಮಾಂಸ ಕೆಟ್ಟಿತು. ಅದರೊಳಗೆ ಬದುಕಿ ಉಳಿದಿದ್ದದ್ದು ಡೈನೊಕಾಕಸ್ ರೇಡಿಯೊಡ್ಯುರಾನ್ಸ್. ಇಡೀ ಮೈಗೆ ಒಮ್ಮೆಲೇ 5 ಗ್ರೇ ಬಿದ್ದರೆ ಮನುಷ್ಯನ ಪ್ರಾಣಕ್ಕೇ ಅಪಾಯ, ಇದು 5000 ಗ್ರೇ ತಡೆದುಕೊಳ್ಳುತ್ತದೆ. (ಕಾಕುವಿಗೆ 40 ಕೊಟ್ಟದ್ದು ಒಂದೇ ಜಾಗಕ್ಕೆ, ದಿನಕ್ಕಿಷ್ಟು ಎಂದು, ಗಾಬರಿಯಾಗಬೇಡಿ.)

ಅದರ ಡಿಎನ್‌ಎ ಹರಿಯುವುದಿಲ್ಲ ಎಂದಲ್ಲ, ನೂರಾರು ಚೂರಾಗುತ್ತದೆ. ಆದರೆ ಕೆಲವೇ ಗಂಟೆಗಳಲ್ಲಿ ಎಲ್ಲವನ್ನೂ ಹೊಲಿದುಕೊಳ್ಳುತ್ತದೆ. ನಮ್ಮ ಆಫೀಸಿನ ಭಾಷೆಯಲ್ಲಿ ಹೇಳಿದರೆ, ಸರ್ವರ್ ಬಿದ್ದರೂ ಬ್ಯಾಕಪ್ ಇದೆ, ರಾತ್ರಿ ಪಾಳಿಯ ತಂಡವೂ ಎದ್ದಿದೆ. ಬ್ಯಾಕಪ್ ಎಂದರೆ ಡಿಎನ್‌ಎಯ ಹಲವು ಪ್ರತಿಗಳು, ತಂಡ ಎಂದರೆ ರಿಪೇರಿ ಮಾಡುವ ಪ್ರೋಟೀನುಗಳು. ಮ್ಯಾಂಗನೀಸ್, ಫಾಸ್ಫೇಟ್ ಮತ್ತು ಪುಟ್ಟ ಪೆಪ್ಟೈಡ್‌ಗಳು ಸೇರಿ ಕಾಯುವುದು ಈ ತಂಡವನ್ನು. ಮೈಕಲ್ ಡೇಲಿಯವರ ಗುಂಪು 2010ರಲ್ಲಿ ಇದನ್ನು ತೋರಿಸಿತು. ಹತ್ತು ಮಣಿಯ ಒಂದು ಪೆಪ್ಟೈಡನ್ನು ಮ್ಯಾಂಗನೀಸ್ ಜೊತೆ ಬೆರೆಸಿ ಕೊಟ್ಟಾಗ ಇಲಿಗಳಿಗೂ ವಿಕಿರಣದಿಂದ ರಕ್ಷಣೆ ಸಿಕ್ಕಿತೆಂದು 2016ರಲ್ಲಿ ವರದಿಯಾಯಿತು. ಮನುಷ್ಯರಿಗೆ ಇನ್ನೂ ಔಷಧಿಯಾಗಿ ಬಂದಿಲ್ಲ.

ಹಾಗಾದರೆ ಕಾಕು ಆ ಮಾತ್ರೆ ನುಂಗಲಿ ಎಂದೆನೇ? ಇಲ್ಲ. ರೇಡಿಯೇಷನ್ ಕೊಡುವುದೇ ಕ್ಯಾನ್ಸರ್ ಕೋಶದ ಡಿಎನ್‌ಎ ಹರಿಯಲಿ ಎಂದು. ಕಾವಲಿಗೆ ನಿಂತದ್ದು ಇದು ಒಳ್ಳೆಯ ಕೋಶ, ಇದು ಕೆಟ್ಟದ್ದು ಎಂದು ಕೇಳುವುದಿಲ್ಲ. ಕೆಲವು ಗಡ್ಡೆಗಳು ತಾವೇ ಗ್ಲುಟಾಥಯೋನ್ ಕೂಡಿಟ್ಟುಕೊಂಡು ಚಿಕಿತ್ಸೆಗೆ ಜಗ್ಗದೆ ನಿಲ್ಲುತ್ತವೆ. ಆರೋಗ್ಯವಂತ ಕೋಶಗಳು ರಿಪೇರಿ ಮಾಡಿಕೊಳ್ಳಲಿ ಎಂದೇ ವೈದ್ಯರು ದಿನದಿನಕ್ಕೆ ಹಂಚಿ ಕೊಡುವುದು.

ಮರುದಿನ ಡಬ್ಬಿಯನ್ನೇ ಡಾಕ್ಟರ ಮುಂದಿಟ್ಟೆ. ರೇಡಿಯೇಷನ್ ಮುಗಿಯುವವರೆಗೆ ಇಂಥದ್ದೇನೂ ಬೇಡ, ಮನೆ ಊಟ ಮಾಡಿ ಅಂದರು. "ಹಂಗಾರ ರೊಟ್ಟಿ, ಪುಂಡಿಪಲ್ಯ ನಡೀತಾವಲ್ಲ?" ಅಂತ ಕಾಕು. ನಾನು ಮರಾಠಿಯಲ್ಲಿ ಹೇಳಿದೆ, ಡಾಕ್ಟರು ನಕ್ಕು ತಲೆಯಾಡಿಸಿದರು. ಅಂಗಡಿಯವನು ಡಬ್ಬಿ ವಾಪಸ್ ತೆಗೆದುಕೊಳ್ಳಲಿಲ್ಲ. 1,800 ರೂಪಾಯಿ ನೀರಾಗ ಹೋತು ಅಂತ ಕಾಕು ಆ ಹದಿನೈದೂ ದಿನ, ಹೋಗುವಾಗ ಬರುವಾಗ ಆಟೋದಲ್ಲಿ ಗೊಣಗಿದರು.