ಚರ್ಮವಾದ್ಯಗಳೂ ಅವುಗಳನ್ನು ಮಾಡುವ ಕೈಗಳೂ



ವಾದ್ಯಗಳು ತತ, ಅವನದ್ಧ, ಘನ, ಸುಷಿರ ಎಂದು ನಾಲ್ಕು ವಿಧವಾಗಿರುವುವೆಂದು ಭರತಮುನಿಯು ನಾಟ್ಯಶಾಸ್ತ್ರದಲ್ಲಿ ವಿಭಾಗಿಸಿರುವನಷ್ಟೆ. ಇವುಗಳಲ್ಲಿ ಚರ್ಮವನ್ನು ಬಿಗಿದು ನುಡಿಸತಕ್ಕ ಮೃದಂಗ, ಮದ್ದಳೆ, ಡೊಳ್ಳು, ತಮಟೆ ಮೊದಲಾದುವು ಅವನದ್ಧವೆನಿಸುವುವು. ತಾವರೆಯೆಲೆಗಳ ಮೇಲೆ ಮಳೆಹನಿಗಳು ಬಿದ್ದಾಗ ಉಂಟಾದ ನಾದವನ್ನಾಲಿಸಿ ಸ್ವಾತಿಯೆಂಬ ಋಷಿಯು ಇವುಗಳನ್ನು ಕಲ್ಪಿಸಿದನೆಂದು ಆ ಗ್ರಂಥದಲ್ಲಿಯೇ ಹೇಳಿದೆ. ವಾದ್ಯದ ಮುಖಕ್ಕೆ ನದೀತೀರದ ಕಪ್ಪುಮಣ್ಣನ್ನು ಲೇಪಿಸಬೇಕೆಂಬ ವಿಧಿಯೂ ಅಲ್ಲಿರುವುದು.

ಈ ಲೇಪನವು ಅಲಂಕಾರಕ್ಕಾಗಿ ಬಂದುದಲ್ಲ. ಬರಿಯ ಚರ್ಮವನ್ನು ವರ್ತುಲವಾಗಿ ಬಿಗಿದು ಹೊಡೆದರೆ, ಮೂಲಸ್ವರದೊಡನೆ ಹುಟ್ಟುವ ಉಪಸ್ವರಗಳು ಅದರ 1.59ರಷ್ಟು, 2.14ರಷ್ಟು ಎಂಬಂತೆ ಪೂರ್ಣಸಂಖ್ಯೆಗೆ ಹೊಂದದೆ ಇರುವುವು. ಆದುದರಿಂದ ಅಲ್ಲಿ ಶಬ್ದವುಂಟೇ ಹೊರತು ನಿಶ್ಚಿತವಾದ ಶ್ರುತಿಯಿಲ್ಲ. ಮೃದಂಗದ ಬಲಮುಖಕ್ಕೆ ಕರಣೆಯನ್ನು ಹಾಕಿದೊಡನೆ ಈ ದೋಷವು ನೀಗುವುದು. ಸರ್ ಸಿ. ವಿ. ರಾಮನ್ ಅವರು ಈ ಸಂಗತಿಯನ್ನು 1920ರಲ್ಲಿ ಪ್ರಕಟಿಸಿ, 1933ರಲ್ಲಿ ಯಶವಂತಪುರಕ್ಕೆ ಸಮೀಪವಾದ ಭಾರತೀಯ ವಿಜ್ಞಾನ ಸಂಸ್ಥೆಗೆ ನಿರ್ದೇಶಕರಾಗಿ ಬಂದ ತರುವಾಯ, 1934ರಲ್ಲಿ ಸವಿಸ್ತಾರವಾಗಿ ನಿರೂಪಿಸಿದರು. ಚರ್ಮದ ಮೇಲೆ ಮರಳನ್ನು ಉದುರಿಸಿ, ಅದು ನಿಲ್ಲುವ ರೇಖೆಗಳಿಂದ ಸ್ಪಂದನಗಳನ್ನು ಗುರುತಿಸಿ, ಒಂಬತ್ತು ಬಗೆಯ ಸ್ಪಂದನಗಳು ಐದು ಸ್ವರಗಳಾಗಿ 1, 2, 3, 4, 5ರ ಪ್ರಮಾಣದಲ್ಲಿ ಒಡಗೂಡುವುವೆಂದು ತೋರಿಸಿಕೊಟ್ಟರು.

ಆದರೆ ಇದನ್ನು ಮೊದಲು ಸಾಧಿಸಿದವರಾರು? ಗಣಿತವನ್ನೋದದ ಕುಶಲಿಗಳು. ಅವರು ಕಬ್ಬಿಣದ ಅಂಶವುಳ್ಳ ಕಲ್ಲಿನ ಪುಡಿಯನ್ನು ಅನ್ನದೊಡನೆ ಅರೆದು, ಪದರಪದರವಾಗಿ ಹಚ್ಚಿ, ಕಲ್ಲಿನಿಂದ ಉಜ್ಜಿ, ಪ್ರತಿಯೊಂದು ಪದರಕ್ಕೂ ಕಿವಿಗೊಟ್ಟು ಆ ಸ್ವರವನ್ನು ಪಡೆದರು. ಹೀಗಿದ್ದರೂ ಸಭೆಯಲ್ಲಿ ವಾದ್ಯಕ್ಕೆ ದೊರೆತ ಮರ್ಯಾದೆಯು ಚರ್ಮವನ್ನು ಹದಮಾಡಿದವನಿಗೆ ದೊರೆಯಲಿಲ್ಲ.

ಇದು ನಮ್ಮ ದೇಶವೊಂದರ ದೋಷವೂ ಅಲ್ಲ. ಜಪಾನಿನಲ್ಲಿ ತೈಕೊ ಎಂಬ ಭೇರಿಯು ದೇವಾಲಯಗಳಲ್ಲಿ ಮೊಳಗುವುದು. ಅದಕ್ಕೆ ಚರ್ಮವನ್ನು ಬಿಗಿದ ಬುರಾಕುಮಿನ್ ಜನರನ್ನಾದರೋ ಸಮಾಜವು ಬಹುಕಾಲ ದೂರವಿರಿಸಿತು. ಪಶ್ಚಿಮ ಆಫ್ರಿಕದ ಜೆಂಬೆಯೆಂಬ ಕೈವಾದ್ಯದ ಒಡಲನ್ನು ಕೊರೆಯುವುದು ಕಮ್ಮಾರ ಮನೆತನಗಳ ಪರಂಪರೆಯ ವೃತ್ತಿಯಾಗಿ ಬಂದಿದೆ. ನಾದವೆಲ್ಲರದು, ಶ್ರಮವು ಕೆಲವರದು.

ಶರಣರು ಈ ಭೇದವನ್ನು ಒಪ್ಪಲಿಲ್ಲ. ಶೂನ್ಯಸಿಂಹಾಸನವನ್ನೇರಿದ ಅಲ್ಲಮಪ್ರಭುವು ಮದ್ದಳೆಯನ್ನು ನುಡಿಸುತ್ತಿದ್ದವನೆಂದು ಹರಿಹರನೂ ಚಾಮರಸನೂ ವರ್ಣಿಸಿರುವರು. ಮಾರಿಯನ್ನು ಹೊತ್ತು ಡಕ್ಕೆಯನ್ನು ಬಾರಿಸುವ ಕಾಯಕದ ಡಕ್ಕೆಯ ಬೊಮ್ಮಣ್ಣನು ಕಾಲಾಂತಕ ಭೀಮೇಶ್ವರಲಿಂಗವೆಂಬ ಅಂಕಿತದಿಂದ ವಚನಗಳನ್ನು ರಚಿಸಿದನು. ಚರ್ಮದ ಕಾಯಕದ ಮಾದಾರ ಚೆನ್ನಯ್ಯನೂ ಡೋಹರ ಕಕ್ಕಯ್ಯನೂ ಶರಣರಿಗೆ ವಂದ್ಯರಾದರು. ವೀರಭದ್ರನ ಕುಣಿತಕ್ಕೆ ಇಂದಿಗೂ ಸಮ್ಮೇಳವೂ ಕರಡೆಯೂ ಬೇಕು.

ಯಲಹಂಕದಿಂದ ಉತ್ತರಕ್ಕೆ ಹೋದರೆ ಸಿಕ್ಕುವ ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ತಮಟೆಯ ವಿದ್ಯೆಗಾಗಿ ಪದ್ಮಶ್ರೀ ಪ್ರಶಸ್ತಿಯು ಬಂದಿತು. ಸರ್ಕಾರವು ತೋರಿದ ಗೌರವವನ್ನು ಊರು ತೋರುವುದಕ್ಕೆ ಹಿಂಜರಿಯಬಾರದು. ಹಬ್ಬದ ದಿನ ತಮಟೆಯನ್ನು ಕರೆದು, ಊಟದ ಹೊತ್ತಿಗೆ ತಮಟೆಯವನನ್ನು ಮರೆಯುವ ಪದ್ಧತಿಯು ಎಲ್ಲಿಯಾದರೂ ಉಳಿದಿದ್ದರೆ, ಅದು ಶರಣರ ಹೆಸರನ್ನು ಹೇಳುವವರಿಗೆ ಸಲ್ಲದು.

ಆದುದರಿಂದ ಪಾಠಶಾಲೆಗಳಲ್ಲಿ ತಾಳವನ್ನು ಕಲಿಸುವ ಗುರುವಿನ ಜೊತೆಗೆ ಕರಣೆಯನ್ನು ಹಾಕುವ ಕುಶಲಿಯನ್ನೂ ಕರೆದು ಕೂರಿಸಬೇಕು. ಬಾಲಕರು ಅವನ ಕೈಯನ್ನು ನೋಡಿ ಕಲಿಯಬೇಕು. ದಾಸೋಹದ ಪಂಕ್ತಿಯಲ್ಲಿ ಅವನ ಎಲೆಯು ಎಲ್ಲರ ಎಲೆಯ ಪಕ್ಕದಲ್ಲಿಯೇ ಇರಬೇಕು. ವಾದ್ಯವು ಗರ್ಭಗುಡಿಯ ಬಾಗಿಲವರೆಗೆ ಬರಬಹುದಾದರೆ, ಅದನ್ನು ಮಾಡಿದವನು ಅಂಗಳದಲ್ಲಿಯೇ ನಿಲ್ಲಬೇಕೆಂಬುದಕ್ಕೆ ಯಾವ ಶಾಸ್ತ್ರದ ಬಲವೂ ಶರಣಧರ್ಮದಲ್ಲಿಲ್ಲ.